ಗೆದ್ದ ಜಿಎಸ್‌ಎಂ, ಸೋಲದ ಸಿಡಿಎಂಎ: ಓದುಗರ ಪ್ರಶ್ನೆಗಳಿಗೆ ಉತ್ತರ

ಜಿಎಸ್‌ಎಂ, ಸಿಡಿಎಂಎ ಮೊದಲಾದ ಮೊಬೈಲ್ ಜಾಲಗಳ ಮಾನದಂಡಗಳ (ಅಂದರೆ ಫೋನು ಮತ್ತು ಟವರು ಸಂಪರ್ಕಿಸುವ ನಿಯಮಗಳ) ನಡುವೆ ನಡೆದ ಪೈಪೋಟಿಯನ್ನು ಕುರಿತು ಬಂದ ಪತ್ರಗಳಿಗೆ ಈ ಸಂಚಿಕೆಯ ಅಂಕಣವನ್ನು ಮೀಸಲಿಟ್ಟಿದ್ದೇನೆ. ಒಂದೇ ವಿಷಯವನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿದ್ದ ಪತ್ರಗಳನ್ನು ಒಂದುಗೂಡಿಸಿದ್ದೇನೆ.

ಪ್ರಶ್ನೆ: ಮಾನ್ಯರೇ, ಹಿಂದೆ ನನ್ನ ಬಳಿ ಇದ್ದ ಸಿಡಿಎಂಎ ಫೋನಿನಲ್ಲಿ ಸಿಮ್ ಕಾರ್ಡ್ ಇರಲಿಲ್ಲ, ನನ್ನ ತಮ್ಮನ ಜಿಎಸ್‌ಎಂ ಫೋನಿನಲ್ಲಿ ಇತ್ತು. ಮಾತು ಎರಡರಲ್ಲೂ ಚೆನ್ನಾಗಿಯೇ ಕೇಳಿಸುತ್ತಿತ್ತು. ಹಾಗಿದ್ದರೆ ಅವೆರಡರ ನಡುವಿನ ನಿಜವಾದ ವ್ಯತ್ಯಾಸವೇನು?

ಉತ್ತರ: ಸಿಮ್ ಕಾರ್ಡ್ ಇರುವುದು, ಇಲ್ಲದಿರುವುದು ಕಣ್ಣಿಗೆ ಕಾಣುವ ವ್ಯತ್ಯಾಸ. ಕಾಣದ ವ್ಯತ್ಯಾಸವಿರುವುದು ಒಂದೇ ಟವರಿನ ವ್ಯಾಪ್ತಿಯಲ್ಲಿರುವ ಹತ್ತಾರು ಫೋನುಗಳು ಒಂದೇ ತರಂಗಗುಚ್ಛವನ್ನು (ಸ್ಪೆಕ್ಟ್ರಮ್) ಹಂಚಿಕೊಳ್ಳುವ ಬಗೆಯಲ್ಲಿ.

ಜಿಎಸ್‌ಎಂ ಕಾಲವನ್ನು ಹಂಚುತ್ತದೆ. ಅದರ ಒಂದೊಂದು ವಾಹಕ ತರಂಗದ ಅಗಲ 200 ಕಿಲೋಹರ್ಟ್ಸ್. ಆ ವಾಹಕದ ಮೇಲಿನ ಕಾಲವನ್ನು ಸುಮಾರು 4.6 ಮಿಲಿಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡನ್ನು ಮತ್ತೆ ಎಂಟು ಪಾಳಿಗಳಾಗಿ ಒಡೆದು, ಒಂದು ಫೋನಿಗೆ ಒಂದು ಪಾಳಿಯಂತೆ ಕೊಡಲಾಗುತ್ತದೆ. ತನ್ನ ಪಾಳಿ ಬಂದಾಗ ಫೋನು ಕೂಡಿಟ್ಟ ಮಾತನ್ನು ಒಮ್ಮೆಗೇ ಕಳಿಸಿ ಸುಮ್ಮನಾಗುತ್ತದೆ. ಕಿವಿಗೆ ಈ ಕತ್ತರಿಸುವಿಕೆ ಗೊತ್ತಾಗುವುದಿಲ್ಲ.

ಸಿಡಿಎಂಎಯಲ್ಲಿ ಪಾಳಿಯಿಲ್ಲ. 1.25 ಮೆಗಾಹರ್ಟ್ಸ್ ಅಗಲದ ವಾಹಕದ ಮೇಲೆ ಎಲ್ಲರೂ ಏಕಕಾಲಕ್ಕೆ ಪ್ರಸಾರ ಮಾಡುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ಸಂಕೇತವಿರುತ್ತದೆ. ಒಂದೇ ಕೋಣೆಯಲ್ಲಿ ಹಲವರು ಹಲವು ಭಾಷೆಗಳಲ್ಲಿ ಮಾತನಾಡುವ ಹೋಲಿಕೆಯನ್ನು ಇದಕ್ಕೆ ಕೊಡುವುದುಂಟು. ನನಗೆ ಆ ಹೋಲಿಕೆ ಸಾಲದು, ಏಕೆಂದರೆ ಬೇರೆಯವರ ಮಾತು ಪೂರ್ತಿಯಾಗಿ ಅಳಿಸಿಹೋಗುವ ಸೋಜಿಗ ಅದರಲ್ಲಿ ಬರುವುದಿಲ್ಲ. ಒಂದು ಪುಟ್ಟ ಲೆಕ್ಕ ಮಾಡಿ ನೋಡೋಣ. ಮೊದಲನೆಯ ಫೋನಿನ ಸಂಕೇತ (+1, +1) ಎಂದೂ ಎರಡನೆಯದರ ಸಂಕೇತ (+1, −1) ಎಂದೂ ಇಟ್ಟುಕೊಳ್ಳಿ. ಟವರು ಮೊದಲನೆಯದಕ್ಕೆ +1, ಎರಡನೆಯದಕ್ಕೆ −1 ಕಳಿಸಬೇಕಾಗಿದೆ. ಆಯಾ ಅಂಕೆಯನ್ನು ಆಯಾ ಸಂಕೇತದಿಂದ ಗುಣಿಸಿದರೆ (+1, +1) ಮತ್ತು (−1, +1) ಸಿಗುತ್ತವೆ. ಅವೆರಡನ್ನೂ ಕೂಡಿಸಿ ಟವರು (0, +2) ಎಂದು ಪ್ರಸಾರ ಮಾಡುತ್ತದೆ. ಮೊದಲನೆಯ ಫೋನು ಇದನ್ನು ತನ್ನ ಸಂಕೇತದಿಂದ ಸ್ಥಾನಕ್ಕೆ ಸ್ಥಾನ ಗುಣಿಸಿ ಕೂಡಿಸಿದಾಗ +2 ಬರುತ್ತದೆ, ಎರಡರಿಂದ ಭಾಗಿಸಿದರೆ +1. ಎರಡನೆಯ ಫೋನು ಹಾಗೆಯೇ ಮಾಡಿದಾಗ −2, ಅಂದರೆ −1. ಬೆರೆತುಹೋಗಿದ್ದ ಎರಡು ಸಂದೇಶಗಳು ಲವಲೇಶವೂ ಕಲಬೆರಕೆಯಿಲ್ಲದೆ ಬೇರ್ಪಟ್ಟವು. ಮೊದಲ ತಲೆಮಾರಿನ ಸಿಡಿಎಂಎಯಲ್ಲಿ ಟವರು ಇಂತಹ 64 ಸಂಕೇತಗಳನ್ನು ಬಳಸುತ್ತಿತ್ತು.

ಫೋನಿನಿಂದ ಟವರಿನ ಕಡೆಗೆ ಬರುವಾಗ ಮಾತ್ರ ಲೆಕ್ಕ ಇಷ್ಟು ಚೊಕ್ಕಟವಾಗಿರುವುದಿಲ್ಲ. ಫೋನುಗಳು ಬೇರೆ ಬೇರೆ ದೂರದಲ್ಲಿರುವುದರಿಂದ ಸಂಕೇತಗಳ ಹೆಜ್ಜೆ ತಪ್ಪಿ, ಒಬ್ಬರ ಸಿಗ್ನಲ್ ಉಳಿದವರಿಗೆ ಗದ್ದಲವಾಗುತ್ತದೆ. ಟವರಿನ ಬುಡದಲ್ಲಿರುವ ಫೋನು ಜೋರಾಗಿ ಪ್ರಸಾರ ಮಾಡಿದರೆ ದೂರದಲ್ಲಿರುವವರ ಸಿಗ್ನಲ್ ಅದರಲ್ಲಿ ಮುಳುಗಿಯೇ ಹೋಗುತ್ತದೆ. ಆದ್ದರಿಂದ ಟವರು ಪ್ರತಿಯೊಂದು ಫೋನಿಗೂ ಸೆಕೆಂಡಿಗೆ 800 ಬಾರಿ ‘ಶಕ್ತಿ ಹೆಚ್ಚಿಸು’ ಅಥವಾ ‘ತಗ್ಗಿಸು’ ಎಂದು ಹೇಳುತ್ತಲೇ ಇರಬೇಕಾಗುತ್ತದೆ. ಸಂಕೇತಗಳ ಗಣಿತ ಮೊದಲೇ ಗೊತ್ತಿದ್ದದ್ದು; ಓಡುವ ವಾಹನದಲ್ಲಿರುವ ಫೋನಿಗೂ ಈ ಶಕ್ತಿ ನಿಯಂತ್ರಣ ಕೆಲಸ ಮಾಡುವಂತೆ ಮಾಡಿದ್ದೇ ದೊಡ್ಡ ಸಾಧನೆ ಎಂದು ನನಗೆ ಅನ್ನಿಸುತ್ತದೆ.

ಇಷ್ಟೆಲ್ಲ ಪಾಡುಪಟ್ಟದ್ದಕ್ಕೆ ಪ್ರತಿಫಲವೂ ಇತ್ತು. ಜಿಎಸ್‌ಎಂನಲ್ಲಿ ನೆರೆಹೊರೆಯ ಟವರುಗಳು ಒಂದೇ ಆವರ್ತನವನ್ನು ಬಳಸುವಂತಿಲ್ಲ, ಬಳಸಿದರೆ ಒಂದರ ಕರೆಗಳು ಇನ್ನೊಂದರ ಕರೆಗಳನ್ನು ಕೆಡಿಸುತ್ತವೆ. ಸಿಡಿಎಂಎಯಲ್ಲಿ ಎಲ್ಲ ಟವರುಗಳೂ ಒಂದೇ ಆವರ್ತನವನ್ನು ಬಳಸಬಹುದು. ನಾವು ಮಾತಿನ ನಡುವೆ ಮೌನವಾದಾಗ ಫೋನು ತನ್ನ ಪ್ರಸಾರವನ್ನು ತಗ್ಗಿಸಿದರೆ ಆ ಲಾಭ ತಾನಾಗಿ ಉಳಿದವರಿಗೆ ಹಂಚಿಹೋಗುತ್ತದೆ. ತರಂಗಗುಚ್ಛದ ಬಳಕೆಯಲ್ಲಿ ಸಿಡಿಎಂಎ ಮುಂದಿತ್ತು ಎಂಬುದನ್ನು ಒಪ್ಪಲೇಬೇಕು; ಆದರೆ ಹಿಂದಿನ ತಲೆಮಾರಿನ, ಡಿಜಿಟಲ್ ಅಲ್ಲದ ಅನಲಾಗ್ ವ್ಯವಸ್ಥೆಗಿಂತ ಹತ್ತು–ಇಪ್ಪತ್ತು ಪಟ್ಟು ಹೆಚ್ಚು ಕರೆಗಳೆಂದು ಅದರ ಪ್ರತಿಪಾದಕರು ಆರಂಭದಲ್ಲಿ ಹೇಳಿಕೊಂಡಷ್ಟು ಪ್ರಮಾಣದಲ್ಲಿ ಆ ಮುನ್ನಡೆ ಜಾಲಗಳಲ್ಲಿ ಕಾಣಿಸಲಿಲ್ಲ.

ಸಿಮ್ ಕಾರ್ಡಿನ ವಿಚಾರ: ಜಿಎಸ್‌ಎಂನಲ್ಲಿ ಚಂದಾದಾರರ ಗುರುತು ಆ ಪುಟ್ಟ ಕಾರ್ಡಿನಲ್ಲಿತ್ತು, ಸಿಡಿಎಂಎಯಲ್ಲಿ ಸಾಮಾನ್ಯವಾಗಿ ಹ್ಯಾಂಡ್‌ಸೆಟ್ಟಿನ ಒಳಗೇ ಬರೆಯಲಾಗುತ್ತಿತ್ತು. ತೆಗೆಯಬಹುದಾದ ಕಾರ್ಡು ಸಿಡಿಎಂಎಗೂ ಆಮೇಲೆ ಬಂದಿತು, ಚೀನಾದಂತಹ ಕಡೆ ಅದು ಬಳಕೆಗೂ ಬಂದಿತು. ಸಿಮ್ ಇಲ್ಲದಿರುವುದು ತಂತ್ರದ ಅನಿವಾರ್ಯತೆಯಾಗಿರಲಿಲ್ಲ, ಹಾಗೆ ಮಾಡಿಕೊಂಡ ಆಯ್ಕೆಯಾಗಿತ್ತು.

ಪ್ರಶ್ನೆ: ಹಳೆಯ ಜಿಎಸ್‌ಎಂ ಫೋನನ್ನು ರೇಡಿಯೋ ಅಥವಾ ಸ್ಪೀಕರಿನ ಪಕ್ಕದಲ್ಲಿಟ್ಟರೆ ಕರೆ ಬರುವ ಮೊದಲೇ ‘ಟರ್‌ರ್ ಟರ್‌ರ್’ ಎಂಬ ಸದ್ದು ಬರುತ್ತಿತ್ತು. ಸಿಡಿಎಂಎ ಫೋನಿನಿಂದ ಆ ಸದ್ದು ಬಂದದ್ದು ನನಗೆ ನೆನಪಿಲ್ಲ. ಕಾರಣವೇನು?

ಉತ್ತರ: ನೀವು ಕೇಳಿಸಿಕೊಂಡದ್ದು ಮೇಲೆ ಹೇಳಿದ ಪಾಳಿಯ ಸದ್ದನ್ನೇ. ಜಿಎಸ್‌ಎಂ ಫೋನು ಸೆಕೆಂಡಿಗೆ ಸುಮಾರು 217 ಬಾರಿ ತನ್ನ ಪ್ರಸಾರವನ್ನು ಹೊತ್ತಿಸಿ ಆರಿಸುತ್ತದೆ, ಮತ್ತು 217 ಹರ್ಟ್ಸ್ ನಮ್ಮ ಕಿವಿಗೆ ಸರಾಗವಾಗಿ ಕೇಳುವ ಸ್ವರ. ಸ್ಪೀಕರಿನ ತಂತಿಗಳು ಆಂಟೆನಾದಂತೆ ಆ ಮಿಡಿತವನ್ನು ಹಿಡಿದು ಸದ್ದಾಗಿಸುತ್ತಿದ್ದವು. ಟವರು ಫೋನನ್ನು ಹುಡುಕಿ ಅದು ಉತ್ತರಿಸಿದ ನಂತರವೇ ಗಂಟೆ ಬಾರಿಸುವುದರಿಂದ ಸ್ಪೀಕರಿಗೆ ಸುದ್ದಿ ಮೊದಲು ಮುಟ್ಟುತ್ತಿತ್ತು. ಸಿಡಿಎಂಎ ಫೋನಿನ ಪ್ರಸಾರದಲ್ಲಿ ಇಂತಹ ಕ್ರಮಬದ್ಧವಾದ ಜೋರು ಮಿಡಿತವಿರಲಿಲ್ಲ.

ಪ್ರಶ್ನೆ: ತಂತ್ರದಲ್ಲಿ ಸಿಡಿಎಂಎ ಮೇಲಾಗಿತ್ತು ಎಂದಾದರೆ ಜಗತ್ತಿನ ಬಹುಪಾಲು ಜಿಎಸ್‌ಎಂ ಪಾಲಾದದ್ದು ಹೇಗೆ? ಇದು ರಾಜಕೀಯದ ಗೆಲುವೇ?

ಉತ್ತರ: ರಾಜಕೀಯ ಇತ್ತು, ಆದರೆ ಅದಕ್ಕಿಂತ ಹೆಚ್ಚಾಗಿ ಪಂಚಾಂಗ ಕೆಲಸ ಮಾಡಿತು ಎನ್ನುವುದು ನನ್ನ ಅಭಿಪ್ರಾಯ. ಇಸವಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

1980ರ ದಶಕದ ಯುರೋಪಿನಲ್ಲಿ ದೇಶಕ್ಕೊಂದು ಅನಲಾಗ್ ವ್ಯವಸ್ಥೆಯಿತ್ತು: ಉತ್ತರದ ದೇಶಗಳಲ್ಲಿ ಎನ್‌ಎಂಟಿ, ಬ್ರಿಟನ್ನಿನಲ್ಲಿ ಟಾಕ್ಸ್, ಜರ್ಮನಿಯಲ್ಲಿ ಸಿ-ನೆಟ್ಸ್, ಫ್ರಾನ್ಸಿನಲ್ಲಿ ರೇಡಿಯೋಕಾಮ್ 2000. ಗಡಿ ದಾಟಿದೊಡನೆ ಕಾರಿನಲ್ಲಿ ಕೂರಿಸಿದ ದುಬಾರಿ ಫೋನು ನಿರುಪಯೋಗಿಯಾಗುತ್ತಿತ್ತು. ಈ ತೊಂದರೆಯನ್ನು ನಿವಾರಿಸಲು ಯುರೋಪಿನ ಅಂಚೆ ಮತ್ತು ದೂರಸಂಪರ್ಕ ಆಡಳಿತಗಳ ಒಕ್ಕೂಟವು 1982ರಲ್ಲಿ ಒಂದು ತಂಡವನ್ನು ರಚಿಸಿತು. ಫ್ರೆಂಚ್ ಭಾಷೆಯಲ್ಲಿ ಆ ತಂಡಕ್ಕಿದ್ದ ‘ಗ್ರೂಪ್ ಸ್ಪೆಸಿಯಾಲ್ ಮೊಬಿಲ್’ ಎಂಬ ಹೆಸರಿನ ಮೊದಲಕ್ಷರಗಳೇ ಜಿಎಸ್‌ಎಂ. ‘ಗ್ಲೋಬಲ್’ ಎಂಬ ವಿಸ್ತರಣೆ ಆಮೇಲೆ ಹೊಂದಿಸಿಕೊಂಡದ್ದು. ಹಲವು ಪ್ರಸ್ತಾವಗಳನ್ನು 1986ರಲ್ಲಿ ಪ್ಯಾರಿಸ್ಸಿನಲ್ಲಿ ಪರೀಕ್ಷಿಸಿ, ಮರುವರ್ಷ ಪಾಳಿ ಹಂಚುವ ಕ್ರಮವನ್ನು ಆರಿಸಿಕೊಂಡರು. 1987ರ ಸೆಪ್ಟೆಂಬರ್ 7ರಂದು ಕೋಪನ್‌ಹೇಗನ್‌ನಲ್ಲಿ 13 ದೇಶಗಳ ಪರವಾಗಿ ಒಪ್ಪಂದಕ್ಕೆ ಸಹಿ ಬಿತ್ತು. ಅದೇ ವರ್ಷ ಯುರೋಪಿಯನ್ ಸಮುದಾಯವು 900 ಮೆಗಾಹರ್ಟ್ಸ್ ಪಟ್ಟಿಯನ್ನು ಈ ವ್ಯವಸ್ಥೆಗೆ ಕಾಯ್ದಿರಿಸಬೇಕೆಂದು ಸದಸ್ಯ ದೇಶಗಳಿಗೆ ನಿರ್ದೇಶನ ಕೊಟ್ಟಿತು. 1991ರ ಜುಲೈ 1ರಂದು ಫಿನ್‌ಲೆಂಡಿನ ಮಾಜಿ ಪ್ರಧಾನಿ ಹಾರಿ ಹೋಲ್ಕೆರಿ ಮೊದಲ ಜಿಎಸ್‌ಎಂ ಕರೆ ಮಾಡಿದರು.

ಈಗ ಇನ್ನೊಂದು ಕಡೆಯನ್ನು ನೋಡಿ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಅರ್ವಿನ್ ಜೇಕಬ್ಸ್, ಆಂಡ್ರ್ಯೂ ವಿಟರ್ಬಿ ಮತ್ತು ಸಂಗಡಿಗರು ಕ್ವಾಲ್‌ಕಾಮ್ ಕಂಪನಿಯನ್ನು ಸ್ಥಾಪಿಸಿದ್ದೇ 1985ರಲ್ಲಿ. ಅವರು ಸಿಡಿಎಂಎಯ ಸಾರ್ವಜನಿಕ ಪ್ರಾತ್ಯಕ್ಷಿಕೆಯನ್ನು ತೋರಿಸಿದ್ದು 1989ರ ನವೆಂಬರ್‌ನಲ್ಲಿ. ಅಷ್ಟರಲ್ಲಿ ಅಮೆರಿಕದ ಮೊಬೈಲ್ ಉದ್ಯಮದ ಸಂಘವೇ ಪಾಳಿ ಹಂಚುವ ಬೇರೊಂದು ಕ್ರಮದ ಕಡೆ ಒಲವು ಪ್ರಕಟಿಸಿಯಾಗಿತ್ತು. ಸಿಡಿಎಂಎಗೆ ಐಎಸ್-95 ಎಂಬ ಹೆಸರಿನಲ್ಲಿ ಮಾನದಂಡದ ಮನ್ನಣೆ ದೊರೆತದ್ದು 1993ರಲ್ಲಿ. ವಾಣಿಜ್ಯ ಸೇವೆ ಹಾಂಗ್‌ಕಾಂಗ್‌ನಲ್ಲಿ 1995ರಲ್ಲಿ, ದಕ್ಷಿಣ ಕೊರಿಯಾದಲ್ಲಿ 1996ರ ಆರಂಭದಲ್ಲಿ ಮೊದಲಾಯಿತು. ಜಿಎಸ್‌ಎಂಗೂ ಇದಕ್ಕೂ ನಾಲ್ಕು ವರ್ಷಗಳ ಅಂತರ. ಮೊಬೈಲ್ ಸೇವೆಯನ್ನು ಹೊಸದಾಗಿ ಆರಂಭಿಸಲು ಹೊರಟ ದೇಶಗಳು ಆ ನಾಲ್ಕು ವರ್ಷಗಳಲ್ಲಿ ತಮ್ಮ ಆಯ್ಕೆಯನ್ನು ಮುಗಿಸುತ್ತಿದ್ದವು, ಮತ್ತು ಆಗ ಅಂಗಡಿಯಲ್ಲಿ ಸಿದ್ಧವಾಗಿದ್ದ ಡಿಜಿಟಲ್ ಸರಕುಗಳಲ್ಲಿ ಹಲವು ತಯಾರಕರಿಂದ ಚೌಕಾಸಿ ಮಾಡಿ ಕೊಳ್ಳಬಹುದಾದದ್ದು ಜಿಎಸ್‌ಎಂ.

ಒಮ್ಮೆ ಹೀಗೆ ಮುಂದಾದ ಮೇಲೆ ಉಳಿದದ್ದು ಚಕ್ರದಂತೆ ಉರುಳಿತು. ಹೆಚ್ಚು ದೇಶಗಳು ಸೇರಿದಷ್ಟೂ ಹ್ಯಾಂಡ್‌ಸೆಟ್ಟಿನ ತಯಾರಿಕೆ ಅಗ್ಗವಾಯಿತು, ಅಗ್ಗವಾದಷ್ಟೂ ಹೆಚ್ಚು ದೇಶಗಳು ಸೇರಿದವು. ರೋಮಿಂಗ್ ಸೌಲಭ್ಯ ಅದಕ್ಕೆ ಮತ್ತಷ್ಟು ಬಲ ಕೊಟ್ಟಿತು. 2004ರ ಆರಂಭಕ್ಕೆ ಜಿಎಸ್‌ಎಂ ಚಂದಾದಾರರು ನೂರು ಕೋಟಿ ದಾಟಿದರು. ಗ್ರಾಹಕರ ದೃಷ್ಟಿಯಿಂದ ಸಿಮ್ ಕಾರ್ಡಿನ ಪಾತ್ರವನ್ನೂ ಕಡೆಗಣಿಸಬಾರದು. ಫೋನನ್ನು ಬದಲಿಸಿದರೂ ಸಂಖ್ಯೆ ತಮ್ಮಲ್ಲೇ ಉಳಿಯುತ್ತದೆ ಎಂಬ ಸ್ವಾತಂತ್ರ್ಯದ ಮುಂದೆ, ಸೇವಾದಾರ ಕಂಪನಿ ಕೊಟ್ಟ ಫೋನನ್ನೇ ಬಳಸಬೇಕೆಂಬ ಸಿಡಿಎಂಎಯ ರೂಢಿ ಇಕ್ಕಟ್ಟಾಗಿ ಕಂಡದ್ದು ಸಹಜವೇ. ಸಿಡಿಎಂಎಯ ಮುಖ್ಯ ಪೇಟೆಂಟುಗಳಲ್ಲಿ ಹೆಚ್ಚಿನವು ಒಂದೇ ಕಂಪನಿಯ ಕೈಯಲ್ಲಿದ್ದುದು ತಯಾರಕರಿಗೆ ಇನ್ನೊಂದು ಅಳುಕು. ಜಿಎಸ್‌ಎಂನಲ್ಲೂ ಪೇಟೆಂಟುಗಳಿದ್ದವು, ಆದರೆ ಅವು ಹಲವು ದೊಡ್ಡ ತಯಾರಕರ ನಡುವೆ ಹಂಚಿಹೋಗಿದ್ದರಿಂದ ಅವರು ತಮ್ಮತಮ್ಮಲ್ಲೇ ಕೊಡು-ಕೊಳ್ಳು ಮಾಡಿಕೊಂಡರು. (ಹೊರಗಿನಿಂದ ಬಂದ ಸಣ್ಣ ತಯಾರಕರಿಗೆ ಅಲ್ಲಿಯೂ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ ಎಂಬುದನ್ನು ಜಿಎಸ್‌ಎಂ ಅಭಿಮಾನಿಗಳು ಸಾಮಾನ್ಯವಾಗಿ ಹೇಳುವುದಿಲ್ಲ.)

ಅಮೆರಿಕದ ಸರ್ಕಾರವು ಯಾವ ಮಾನದಂಡವನ್ನೂ ಕಡ್ಡಾಯ ಮಾಡದೆ ಮಾರುಕಟ್ಟೆಗೇ ಬಿಟ್ಟಿತು. ಪರಿಣಾಮವಾಗಿ ಅಲ್ಲಿ ಡಿ-ಆಂಪ್ಸ್, ಸಿಡಿಎಂಎ, ಜಿಎಸ್‌ಎಂ ಮತ್ತು ಐಡೆನ್ ಎಂಬ ನಾಲ್ಕು ಡಿಜಿಟಲ್ ವ್ಯವಸ್ಥೆಗಳು ಏಕಕಾಲಕ್ಕೆ ನಡೆದವು. ಒಂದು ಕಂಪನಿಯನ್ನು ತೊರೆದು ಇನ್ನೊಂದಕ್ಕೆ ಹೋಗುವವರು ಫೋನನ್ನೂ ಎಸೆಯಬೇಕಾಗುತ್ತಿತ್ತು. 2010ರಲ್ಲಿ ಬಂದ ಐಫೋನ್ 4 ಕೂಡ ಮೊದಲು ಜಿಎಸ್‌ಎಂ ಬಗೆಯಲ್ಲಿ ಮಾರಾಟವಾಗಿ, ಅದರ ಸಿಡಿಎಂಎ ರೂಪ ಹೊರಬಂದದ್ದು 2011ರ ಫೆಬ್ರುವರಿಯಲ್ಲಿ. ಆ ರೂಪದಲ್ಲಿ ಮಾತನಾಡುತ್ತಿರುವಾಗ ಮೊಬೈಲ್ ಅಂತರ್ಜಾಲ ಕೆಲಸ ಮಾಡುತ್ತಿರಲಿಲ್ಲ.

ಜಿಎಸ್‌ಎಂಗೆ ತನ್ನದೇ ಆದ ಮಿತಿಯೂ ಇತ್ತು. ದೂರದ ಫೋನಿನ ಸಿಗ್ನಲ್ ತಡವಾಗಿ ಬಂದು ಪಕ್ಕದ ಪಾಳಿಯನ್ನು ತುಳಿಯಬಾರದೆಂಬ ಕಾರಣಕ್ಕೆ ಸಾಮಾನ್ಯ ಜಿಎಸ್‌ಎಂ ಟವರಿನ ವ್ಯಾಪ್ತಿ ಸುಮಾರು 35 ಕಿಲೋಮೀಟರಿಗೆ ನಿಲ್ಲುತ್ತಿತ್ತು. ಜನ ವಿರಳವಾಗಿರುವ ಆಸ್ಟ್ರೇಲಿಯಾದ ಒಳನಾಡಿನಲ್ಲಿ ಅನಲಾಗ್ ಸೇವೆಯನ್ನು ನಿಲ್ಲಿಸಿದಾಗ ಟೆಲ್‌ಸ್ಟ್ರಾ ಕಂಪನಿಯು ಅದರ ಜಾಗಕ್ಕೆ ಸಿಡಿಎಂಎಯನ್ನು ತಂದದ್ದು ಈ ಹಿನ್ನೆಲೆಯಲ್ಲಿ. ಆ ಜಾಲ 2008ರ ಏಪ್ರಿಲ್‌ವರೆಗೆ ನಡೆಯಿತು.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿನಿ. ಜಿಎಸ್‌ಎಂ ಕುಟುಂಬದ ಮೂರನೆಯ ತಲೆಮಾರಿನ ತಂತ್ರಜ್ಞಾನದ ಹೆಸರು ಡಬ್ಲ್ಯೂ-ಸಿಡಿಎಂಎ ಎಂದು ಪಠ್ಯದಲ್ಲಿದೆ. ಸೋತ ಪಕ್ಷದ ಹೆಸರು ಗೆದ್ದ ಪಕ್ಷಕ್ಕೆ ಬಂದದ್ದು ಹೇಗೆ?

ಉತ್ತರ: ಹೆಸರಷ್ಟೇ ಅಲ್ಲ, ತಿರುಳೇ ಬಂದಿತು. ಮಾತಿನ ಜೊತೆಗೆ ದತ್ತಾಂಶವನ್ನೂ ವೇಗವಾಗಿ ಸಾಗಿಸಬೇಕಾದಾಗ ಎಂಟು ಪಾಳಿಗಳ ಕಟ್ಟುಪಾಡು ಬಿಗಿಯಾಯಿತು. ಯುರೋಪ್ ಮತ್ತು ಜಪಾನಿನ ತಂತ್ರಜ್ಞರು ಸಂಕೇತ ಹಂಚುವ ದಾರಿಯನ್ನೇ ಒಪ್ಪಿ, ವಾಹಕದ ಅಗಲವನ್ನು 5 ಮೆಗಾಹರ್ಟ್ಸ್‌ಗೆ ಹಿಗ್ಗಿಸಿದರು. ಕ್ವಾಲ್‌ಕಾಮ್ ಬಣವು ತನ್ನ 1.25 ಮೆಗಾಹರ್ಟ್ಸ್ ವಾಹಕವನ್ನೇ ಬೆಳೆಸಿ ಸಿಡಿಎಂಎ2000 ಎಂದು ಕರೆಯಿತು. ಹೀಗಾಗಿ ಮೂರನೆಯ ತಲೆಮಾರಿನ ಜಗಳ ಸಿಡಿಎಂಎಗೂ ಸಿಡಿಎಂಎಗೂ ನಡೆದ ಜಗಳ. ಮಾನದಂಡ ರೂಪಿಸುವ ವೇದಿಕೆಗಳೂ ಎರಡಾದವು: ಡಬ್ಲ್ಯೂ-ಸಿಡಿಎಂಎಗಾಗಿ 1998ರ ಕೊನೆಯಲ್ಲಿ 3ಜಿಪಿಪಿ, ಅದರ ಬೆನ್ನಿಗೇ ಸಿಡಿಎಂಎ2000ಕ್ಕಾಗಿ 3ಜಿಪಿಪಿ2.

ಜಿಎಸ್‌ಎಂ ಬಣದ ಸ್ವೀಡನ್ ಕಂಪನಿ ಎರಿಕ್ಸನ್ ಮತ್ತು ಕ್ವಾಲ್‌ಕಾಮ್ ನಡುವಿನ ಪೇಟೆಂಟ್ ವ್ಯಾಜ್ಯವು 1999ರ ಮಾರ್ಚ್‌ನಲ್ಲಿ ರಾಜಿಯಲ್ಲಿ ಮುಗಿಯಿತು. ಅದರ ಅಂಗವಾಗಿ ಕ್ವಾಲ್‌ಕಾಮ್ ತನ್ನ ಜಾಲ ಉಪಕರಣಗಳ ವಿಭಾಗವನ್ನು ಎರಿಕ್ಸನ್‌ಗೆ ಮಾರಿ, ಚಿಪ್ ಮತ್ತು ಪೇಟೆಂಟ್ ರಾಯಧನದ ವ್ಯವಹಾರದ ಕಡೆಗೆ ಪೂರ್ತಿಯಾಗಿ ತಿರುಗಿತು. ಯಾವ ಬಣದ ಫೋನು ಮಾರಾಟವಾದರೂ ತನಗೆ ಪಾಲು ಬರುವಂತಹ ಸ್ಥಾನದಲ್ಲಿ ಅದು ನಿಂತಿತು. ವಿದ್ಯಾರ್ಥಿನಿಯಾಗಿರುವ ನೀವು ಒಂದು ಅಂಶವನ್ನು ಗುರುತಿಸಿಟ್ಟುಕೊಳ್ಳಬೇಕು: ಮಾನದಂಡದ ಹೆಸರು ಸೋಲುವುದು ಬೇರೆ, ಅದರೊಳಗಿನ ತಂತ್ರ ಸೋಲುವುದು ಬೇರೆ, ಅದರ ಪೇಟೆಂಟ್ ಒಡೆಯರು ಸೋಲುವುದು ಮತ್ತೂ ಬೇರೆ. ಸಿಡಿಎಂಎಯ ಕಥೆಯಲ್ಲಿ ಮೊದಲನೆಯದು ಮಾತ್ರ ನಡೆಯಿತು.

ಚೀನಾ ಇದಕ್ಕೆ ಮೂರನೆಯ ದಾರಿಯನ್ನೂ ಸೇರಿಸಿತು. 2009ರ ಜನವರಿಯಲ್ಲಿ ಪರವಾನಗಿ ಹಂಚುವಾಗ ತನ್ನದೇ ಆದ ಟಿಡಿ-ಎಸ್‌ಸಿಡಿಎಂಎಯನ್ನು ಚೈನಾ ಮೊಬೈಲ್‌ಗೂ, ಡಬ್ಲ್ಯೂ-ಸಿಡಿಎಂಎಯನ್ನು ಚೈನಾ ಯೂನಿಕಾಮ್‌ಗೂ, ಸಿಡಿಎಂಎ2000ವನ್ನು ಚೈನಾ ಟೆಲಿಕಾಮ್‌ಗೂ ಕೊಟ್ಟಿತು. ಒಂದೇ ದೇಶದಲ್ಲಿ ಮೂರೂ ಮಾನದಂಡಗಳು ಸರ್ಕಾರದ ಅಪ್ಪಣೆಯಿಂದಲೇ ಸ್ಪರ್ಧಿಸಿದ ಅಪರೂಪದ ಪ್ರಸಂಗವಿದು.

ಪ್ರಶ್ನೆ: ವೈಮ್ಯಾಕ್ಸ್ ಎಂಬುದು ನಾಲ್ಕನೆಯ ತಲೆಮಾರಿನ ತಂತ್ರಜ್ಞಾನವಾಗಲಿದೆ ಎಂದು ಒಂದು ಕಾಲದಲ್ಲಿ ಎಲ್ಲೆಡೆ ಓದುತ್ತಿದ್ದೆವು. ಅದು ಎಲ್ಲಿ ಹೋಯಿತು?

ಉತ್ತರ: ವೈಮ್ಯಾಕ್ಸ್‌ಗೆ ಸಿಡಿಎಂಎಯ ದೌರ್ಭಾಗ್ಯ ಇರಲಿಲ್ಲ, ಏಕೆಂದರೆ ಅದು ಪ್ರತಿಸ್ಪರ್ಧಿಗಿಂತ ಮೊದಲೇ ಸಿದ್ಧವಾಗಿತ್ತು. ಕಂಪ್ಯೂಟರ್ ಲೋಕದಲ್ಲಿ ಹುಟ್ಟಿದ 802.16 ಎಂಬ ಮಾನದಂಡ ಅದರ ತಳಹದಿ, ಇಂಟೆಲ್ ಅದರ ಬೆನ್ನಿಗಿತ್ತು. ದಕ್ಷಿಣ ಕೊರಿಯಾದಲ್ಲಿ 2006ರಲ್ಲಿ ವೈಬ್ರೋ ಎಂಬ ಹೆಸರಿನಲ್ಲಿ ಸೇವೆ ಆರಂಭವಾಯಿತು, 2007ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಅದನ್ನು ಮೂರನೆಯ ತಲೆಮಾರಿನ ಪಟ್ಟಿಗೆ ಸೇರಿಸಿತು, 2008ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಸ್ಪ್ರಿಂಟ್ ಕಂಪನಿ ಸೇವೆ ಕೊಡತೊಡಗಿತು. ಅದರ ಪ್ರತಿಸ್ಪರ್ಧಿಯಾದ, ನಾವು ಈಗ 4ಜಿ ಎಂದು ಕರೆಯುವ ಎಲ್‌ಟಿಇಯ ಮೊದಲ ವಾಣಿಜ್ಯ ಸೇವೆ ಸ್ಟಾಕ್‌ಹೋಮ್ ಮತ್ತು ಓಸ್ಲೋ ನಗರಗಳಲ್ಲಿ ಶುರುವಾದದ್ದು 2009ರ ಡಿಸೆಂಬರ್‌ನಲ್ಲಿ.

ಪಂಚಾಂಗ ವೈಮ್ಯಾಕ್ಸ್‌ನ ಪರವಾಗಿದ್ದರೂ ನೆಲ ಅದರ ಪರವಾಗಿರಲಿಲ್ಲ. ಜಗತ್ತಿನಾದ್ಯಂತ ಜಿಎಸ್‌ಎಂ ಟವರುಗಳನ್ನು ನೆಟ್ಟಿದ್ದ ಕಂಪನಿಗಳಿಗೆ ಹಳೆಯ ಚಂದಾದಾರರನ್ನು ಕರೆ ಕಡಿಯದೆ ಹೊಸ ಜಾಲಕ್ಕೆ ದಾಟಿಸುವ ವ್ಯವಸ್ಥೆ ಬೇಕಿತ್ತು. ಎಲ್‌ಟಿಇ ಅವರ ಮನೆಯಲ್ಲೇ ಹುಟ್ಟಿದ ಕೂಸಾದ್ದರಿಂದ ಆ ಸೇತುವೆಗಳನ್ನು ಮೊದಲೇ ಯೋಚಿಸಿ ಕಟ್ಟಲಾಗಿತ್ತು. ನನ್ನ ಲೆಕ್ಕದಲ್ಲಿ ನಿರ್ಣಾಯಕ ಗಳಿಗೆ 2007ರ ನವೆಂಬರ್. ಅಮೆರಿಕದಲ್ಲಿ ಸಿಡಿಎಂಎ ಬಣದ ದೊಡ್ಡ ಕಂಬವಾಗಿದ್ದ ವೆರಿಜಾನ್ ತಾನು ಎಲ್‌ಟಿಇ ಕಡೆಗೆ ಹೋಗುವುದಾಗಿ ಆಗ ಘೋಷಿಸಿತು. ಮರುವರ್ಷವೇ ಕ್ವಾಲ್‌ಕಾಮ್ ತನ್ನ ಯುಎಂಬಿ ಎಂಬ ನಾಲ್ಕನೆಯ ತಲೆಮಾರಿನ ಪ್ರಸ್ತಾವವನ್ನು ಕೈಬಿಟ್ಟಿತು. ಸ್ಪ್ರಿಂಟ್ ಕೂಡ ಎಲ್‌ಟಿಇಗೆ ಹೊರಳಿ, 2016ರ ವೇಳೆಗೆ ವೈಮ್ಯಾಕ್ಸ್ ಟವರುಗಳನ್ನು ನಿಲ್ಲಿಸಿತು.

ತಂತ್ರದ ಮಟ್ಟದಲ್ಲಿ ಇವೆರಡೂ ದಾಯಾದಿಗಳು ಎಂಬುದು ಗಮನಾರ್ಹ. ಅಗಲವಾದ ಪಟ್ಟಿಯನ್ನು ನೂರಾರು ಕಿರಿದಾದ ಉಪವಾಹಕಗಳಾಗಿ ಸೀಳಿ, ಅವುಗಳನ್ನು ಬಳಕೆದಾರರಿಗೆ ಹಂಚುವ ವಿಧಾನ ಎರಡರಲ್ಲೂ ಇದೆ. ಫೋನಿನಿಂದ ಟವರಿನ ಕಡೆಗೆ ಮಾತ್ರ ಎಲ್‌ಟಿಇ ಆ ವಿಧಾನವನ್ನು ಸ್ವಲ್ಪ ತಿದ್ದಿ, ಸಿಗ್ನಲಿನ ಏರಿಳಿತವನ್ನು ತಗ್ಗಿಸಿ, ಬ್ಯಾಟರಿಯ ಮೇಲಿನ ಹೊರೆಯನ್ನು ಇಳಿಸಿತು. ವೈಮ್ಯಾಕ್ಸ್ ಪೂರ್ತಿಯಾಗಿ ಅಳಿಯಲಿಲ್ಲ. ವಿಮಾನ ನಿಲ್ದಾಣಗಳ ನೆಲದ ಮೇಲಿನ ಸಂಪರ್ಕಕ್ಕಾಗಿ ರೂಪಿಸಿದ ಏರೋಮ್ಯಾಕ್ಸ್ ವ್ಯವಸ್ಥೆ ಅದರ ಮೇಲೆಯೇ ನಿಂತಿದೆ.

ಪ್ರಶ್ನೆ: ಸಿಡಿಎಂಎ ಹ್ಯಾಂಡ್‌ಸೆಟ್ಟೊಂದು ಇನ್ನೂ ಸುಸ್ಥಿತಿಯಲ್ಲಿದೆ. ಅದನ್ನು ಬಳಸುವ ದಾರಿಯಿದೆಯೇ?

ಉತ್ತರ: ಕರೆಗೆ ಬಳಸುವ ಆಸೆಯನ್ನು ಬಿಡುವುದು ಒಳ್ಳೆಯದು. ಬಹುಕಾಲ ನಡೆದ ದೊಡ್ಡ ಸಿಡಿಎಂಎ ಜಾಲಗಳಲ್ಲಿ ಜಪಾನಿನ ಕೆಡಿಡಿಐ 2022ರ ಮಾರ್ಚ್‌ನಲ್ಲಿಯೂ ಅಮೆರಿಕದ ವೆರಿಜಾನ್ ಅದೇ ವರ್ಷದ ಕೊನೆಯಲ್ಲಿಯೂ ಸೇವೆಯನ್ನು ಮುಗಿಸಿದವು. ಆ ಫೋನಿನ ರೇಡಿಯೋ ಬಿಡಿಭಾಗಕ್ಕೆ ಜಿಎಸ್‌ಎಂ ಆಗಲಿ ಎಲ್‌ಟಿಇ ಆಗಲಿ ಅರ್ಥವಾಗದಿದ್ದರೆ, ಯಾವ ತಂತ್ರಾಂಶವನ್ನು ತುಂಬಿದರೂ ಅದಕ್ಕೆ ಕಲಿಸಲಾಗುವುದಿಲ್ಲ.

ಪ್ರಶ್ನೆ: ಐದನೆಯ ತಲೆಮಾರಿನಲ್ಲಿ ಜಗತ್ತಿಗೆಲ್ಲ ಒಂದೇ ಮಾನದಂಡವಿದೆ. ಪೈಪೋಟಿ ಮುಗಿಯಿತು ಎಂದುಕೊಳ್ಳಬಹುದೇ? ಮೊದಲಿನಿಂದಲೂ ಹೀಗೇ ಒಂದೇ ಇದ್ದಿದ್ದರೆ ಜನರ ಹಣ ಉಳಿಯುತ್ತಿರಲಿಲ್ಲವೇ?

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಹಣ ಉಳಿಯುತ್ತಿತ್ತು, ನಿಜ. ಆದರೆ 1987ರ ಆಯ್ಕೆಯೇ ಜಗತ್ತಿಗೆಲ್ಲ ಕಡ್ಡಾಯವಾಗಿದ್ದಿದ್ದರೆ, ಹಾಂಗ್‌ಕಾಂಗ್ ಮತ್ತು ಕೊರಿಯಾಗಳಲ್ಲಿ ಲಕ್ಷಾಂತರ ಜನ ಬಳಸಿ ಪರೀಕ್ಷಿಸಿದ ಸಿಡಿಎಂಎ ಅನುಭವ ಮೂರನೆಯ ತಲೆಮಾರಿನ ಹೊತ್ತಿಗೆ ಯಾರ ಬಳಿಯೂ ಇರುತ್ತಿರಲಿಲ್ಲ. ಯುರೋಪಿನ ಶಿಸ್ತು ಫೋನನ್ನು ಅಗ್ಗ ಮಾಡಿತು, ಅಮೆರಿಕದ ಗೊಂದಲ ಮುಂದಿನ ತಲೆಮಾರಿನ ತಂತ್ರವನ್ನು ಪಳಗಿಸಿತು. ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ನಾನು ಯುರೋಪಿನ ದಾರಿಯನ್ನೇ ಆರಿಸುತ್ತೇನೆ. ಆದರೆ ಆ ದಾರಿಗೆ ಅಮೆರಿಕದ ಗೊಂದಲದ ಫಲ ಪುಕ್ಕಟೆಯಾಗಿ ದಕ್ಕಲಿಲ್ಲ, ರಾಯಧನದ ರೂಪದಲ್ಲಿ ಬೆಲೆ ತೆರಬೇಕಾಯಿತು ಎಂಬುದನ್ನು ಮರೆಯದೆಯೇ ಆರಿಸುತ್ತೇನೆ.

ಪೈಪೋಟಿ ಮುಗಿದಿಲ್ಲ, ಬೀದಿಯಿಂದ ಸಭಾಂಗಣಕ್ಕೆ ಸ್ಥಳಾಂತರವಾಗಿದೆ. ಐದನೆಯ ತಲೆಮಾರಿನ ಮಾನದಂಡವನ್ನು 3ಜಿಪಿಪಿ ವೇದಿಕೆ ರೂಪಿಸುತ್ತಿದ್ದಾಗ, ಪ್ರಸಾರದಲ್ಲಿ ನುಸುಳುವ ತಪ್ಪುಗಳನ್ನು ತಿದ್ದುವ ಸಂಕೇತ ಯಾವುದಿರಬೇಕೆಂಬ ಬಗ್ಗೆ ತೀವ್ರವಾದ ಹಗ್ಗಜಗ್ಗಾಟ ನಡೆಯಿತು. ಒಂದು ಕಡೆ ಅಮೆರಿಕದ ರಾಬರ್ಟ್ ಗ್ಯಾಲಗರ್ 1960ರ ದಶಕದ ಆರಂಭದಲ್ಲಿ ರೂಪಿಸಿ, ಆಗಿನ ಕಂಪ್ಯೂಟರುಗಳ ಶಕ್ತಿಗೆ ಮೀರಿದ್ದರಿಂದ ದಶಕಗಳ ಕಾಲ ಮೂಲೆ ಸೇರಿದ್ದ ಎಲ್‌ಡಿಪಿಸಿ. ಇನ್ನೊಂದು ಕಡೆ ಟರ್ಕಿಯ ಎರ್ದಾಲ್ ಅರಿಕಾನ್ 2009ರಲ್ಲಿ ಪ್ರಕಟಿಸಿದ, ಹುವಾವೇ ಕಂಪನಿ ಬಲವಾಗಿ ಬೆಂಬಲಿಸಿದ ಪೋಲಾರ್ ಸಂಕೇತ. 2016ರ ನವೆಂಬರ್‌ನಲ್ಲಿ ಅಮೆರಿಕದ ರೀನೋ ನಗರದಲ್ಲಿ ಸೇರಿದ ಸಭೆಯಲ್ಲಿ ಒಪ್ಪಂದವಾಯಿತು: ವೇಗದ ಮೊಬೈಲ್ ಅಂತರ್ಜಾಲ ಸೇವೆಯಲ್ಲಿ ದತ್ತಾಂಶ ಸಾಗುವ ಮಾರ್ಗ ಎಲ್‌ಡಿಪಿಸಿಗೆ, ಟವರು ಮತ್ತು ಫೋನು ಪರಸ್ಪರ ಸೂಚನೆ ವಿನಿಮಯ ಮಾಡಿಕೊಳ್ಳುವ ನಿಯಂತ್ರಣ ಮಾರ್ಗ ಪೋಲಾರ್‌ಗೆ. ಹಿಂದಿನ ಪದ್ಧತಿಯಾಗಿದ್ದರೆ ಇವೆರಡೂ ಎರಡು ಮಾನದಂಡಗಳಾಗಿ, ಎರಡು ಬಗೆಯ ಫೋನುಗಳಾಗಿ ಅಂಗಡಿಗೆ ಬರುತ್ತಿದ್ದವು. ಇಂದು 5ಜಿ ಫೋನು ಇಟ್ಟುಕೊಂಡಿರುವ ಪ್ರತಿಯೊಬ್ಬರ ಕೈಯಲ್ಲೂ ಎರಡೂ ಸಂಕೇತಗಳು ಒಂದೇ ಮೋಡೆಮಿನೊಳಗೆ ಕೆಲಸ ಮಾಡುತ್ತಿವೆ.